ಸೂತ್ರಕ್ಕೆ ಬಿಡದ ಶಾಲೆ

ಆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಮಗಳ ಶಾಲೆಯ ಬೀಗವನ್ನು ಕೈಯಿಂದ ಮುಟ್ಟದೆ, ಯಾರನ್ನೂ ಬಾಯಿತುಂಬ ಬೈಯದೆ, ಬರೀ ಬರಹದ ಬಲದಿಂದ ತೆಗೆಸುತ್ತೇನೆ ಎಂದು. ನನ್ನ ಬರಹದ ಮೇಲೆ ನನಗೆ ಅಷ್ಟು ನಂಬಿಕೆ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿರುವವನು ನಾನು. ಕೊಂಬು, ದೀರ್ಘ, ಒತ್ತು ಹಾಗಿರಲಿ, ನನ್ನ ಕೆಂಪು ಪೆನ್ನಿನ ಕಣ್ಣು ತಪ್ಪಿಸಿ ಒಂದು ಸೊನ್ನೆ ಕೂಡ ಬೀದಿಗೆ ಹೋದದ್ದಿಲ್ಲ. ಇದನ್ನು ನಾನು ದಿನಕ್ಕೆ ಎರಡು ಸಲವಾದರೂ ಯಾರಿಗಾದರೂ ಹೇಳುತ್ತಿದ್ದೆ.

ಬೀಗದ ಕಥೆ ಹೀಗೆ. ಮಗಳು ಐದನೇ ತರಗತಿ. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಬೆಳಿಗ್ಗೆ ತುಂಬಿಸಿಕೊಟ್ಟ ನೀರಿನ ಬಾಟಲಿ ಎರಡು ವಾರದಿಂದ ಸಂಜೆ ತುಂಬಿಕೊಂಡೇ ವಾಪಸು ಬರುತ್ತಿತ್ತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಹಿಂದಿನ ರಾತ್ರಿ ಬಾಟಲಿಯನ್ನು ಮೇಜಿನ ಮೇಲಿಟ್ಟು ವಿಚಾರಣೆ ನಡೆಸಿದಳು.

"ನೀರು ಯಾಕೆ ಕುಡಿದಿಲ್ಲ?"

"ಕುಡಿದ್ರೆ ಬರುತ್ತೆ."

"ಬಂದ್ರೆ ಹೋಗು."

"ಎಲ್ಲಿಗೆ ಹೋಗ್ಲಮ್ಮ? ಹುಡುಗೀರ ಟಾಯ್ಲೆಟ್ಟಿಗೆ ಬೀಗ ಹಾಕಿದಾರೆ. ಮನೆಗೆ ಬರೋವರೆಗೂ ತಡ್ಕೋತೀವಿ."

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಇದು ಆಟ ಅಲ್ಲ. ಹಿಂಗೇ ಆದ್ರೆ ಮಗೂಗೆ ಸೋಂಕಾಗುತ್ತೆ. ನಂಗೆ ಈ ವಾರ ಪೂರ್ತಿ ಬೆಳಗಿನ ಪಾಳಿ. ನೀವು ಪ್ರೆಸ್ಸಿಗೆ ಹೋಗೋ ದಾರೀಲಿ ಐದು ನಿಮಿಷ ನಿಂತು ಹೆಡ್‌ಮಿಸ್ಸಿಗೆ ಒಂದು ಮಾತು ಹೇಳಿ."

"ಹೇಳೋದ್ಯಾಕೆ? ಬರೀತೀನಿ. ಆಡಿದ ಮಾತು ಗಾಳಿಗೆ ಹೋಗುತ್ತೆ. ಬರೆದಿದ್ದು ನಿಲ್ಲುತ್ತೆ."

"ನಿಮ್ಮ ಸಾಹಿತ್ಯ ಬೇಡ. ಬೀಗ ತೆಗೆಸಿ, ಸಾಕು."

ಆದರೆ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಪ್ರತಿಜ್ಞೆ ಆಗಿಹೋಗಿತ್ತು. ಬಸ್ಸು ಹತ್ತಿದೆ. ಕೂರಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಸರಳು, ಕಂಕುಳಲ್ಲಿ ಕರಡಿನ ಕಟ್ಟು, ಇನ್ನೊಂದು ಕೈಯಲ್ಲಿ ಫೋನು. ಬೆರಳಿನಿಂದ ಒತ್ತಿ ಬರೆಯುವುದು ಆಗದ ಮಾತು. ಬಾಯಲ್ಲಿ ಹೇಳಿದ್ದನ್ನು ತಾನೇ ಬರೆದುಕೊಳ್ಳುವ ವಿದ್ಯೆ ಈಗಿನ ಫೋನುಗಳಿಗೆ ಇದೆಯಲ್ಲ, ಅದನ್ನೇ ನಂಬಿ ಶುರು ಮಾಡಿದೆ. ಪಕ್ಕದಲ್ಲಿ ಗಂಭೀರ ಮುಖದ ಹೆಂಗಸೊಬ್ಬರು ನಿಂತಿದ್ದರು. ಹಾಗಾಗಿ ಬೇರೆಲ್ಲ ಪದಗಳನ್ನು ಗಟ್ಟಿಯಾಗಿ ಹೇಳಿ, ಆ ಒಂದು ಪದ ಬಂದಾಗ ಮಾತ್ರ ತುಟಿ ಮುಚ್ಚಿಕೊಂಡು ಗೊಣಗಿದೆ. ಫೋನು ನನಗಿಂತ ಮರ್ಯಾದಸ್ಥ. ಮೂರು ಸಲವೂ 'ಮೂ' ಎಂಬಲ್ಲಿ 'ಸೂ' ಎಂದು ಬರೆದುಕೊಂಡಿತು. ಇಳಿಯುವ ಗಡಿಬಿಡಿಯಲ್ಲಿ ಓದಿಯೂ ನೋಡದೆ ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ. ಜಗತ್ತಿನ ಕರಡು ತಿದ್ದುವವನು ತನ್ನದನ್ನು ತಿದ್ದಲಿಲ್ಲ.

ಹೋದ ಸಂದೇಶ ಹೀಗಿತ್ತು:

'ಪೋಷಕರೇ, ಎಚ್ಚೆತ್ತುಕೊಳ್ಳಿ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಸೂತ್ರಕ್ಕೆ ಬಿಡುತ್ತಿಲ್ಲ. ಸೂತ್ರ ಎಂಬುದು ಮನುಷ್ಯನಿಗೆ ಪ್ರಕೃತಿಯೇ ಕೊಟ್ಟದ್ದು. ನಮ್ಮ ಅಜ್ಜಿಯಂದಿರು ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಸೂತ್ರವನ್ನು ತಡೆದರೆ ಮಕ್ಕಳು ಒಳಗೊಳಗೇ ನರಳುತ್ತಾರೆ. ಇಂದೇ ದನಿ ಎತ್ತಿ.'

ಮುದ್ರಣಾಲಯದಲ್ಲಿ ಕೆಲಸದ ಹೊತ್ತು ಫೋನುಗಳೆಲ್ಲ ಮಾಲೀಕರ ಮೇಜಿನ ಖಾನೆಯೊಳಗೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಈಚೆ ತೆಗೆದರೆ ನನ್ನದು ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಮುನ್ನೂರ ಹನ್ನೆರಡು ಸಂದೇಶ.

ಮೊದಲನೆಯವರು ಕೇಳಿದ್ದರು, 'ಯಾವ ಸೂತ್ರ?' ಎರಡನೆಯವರು ಖಚಿತವಾಗಿ ಉತ್ತರಿಸಿದ್ದರು, 'ಹಳೇ ಸೂತ್ರಗಳನ್ನೆಲ್ಲ ಪಠ್ಯದಿಂದ ತೆಗೆದಿದ್ದಾರಂತೆ.' ಮೂರನೆಯವರಿಗೆ ಇನ್ನೂ ಹೆಚ್ಚು ಗೊತ್ತಿತ್ತು, 'ಗಂಡುಮಕ್ಕಳಿಗೆ ಮಾತ್ರ ಕಲಿಸುತ್ತಾರಂತೆ.' ಯಾರದೋ ಅಜ್ಜಿ ತಮ್ಮ ಕಾಲದಲ್ಲಿ ನಲವತ್ತು ಸೂತ್ರ ಬಾಯಿಪಾಠ ಇದ್ದವು ಎಂದು ಧ್ವನಿಸಂದೇಶ ಕಳಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇದ್ದಾರೆಂದು ಕೇಳಿದ್ದೆ. ಇವರು ಕಟ್ಟಿ, ಕರುವಿಗೆ ಹೆಸರಿಟ್ಟು, ಹಾಲು ಕರೆಯಲು ಕೂತಿದ್ದರು.

ನಾನು ಆ ಕ್ಷಣವೇ ತಿದ್ದಬಹುದಿತ್ತು. ತಪ್ಪೊಪ್ಪಿಗೆಯ ಮುಖ್ಯ ಭಾಗ ಇದೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ತಿದ್ದಲು ಬೆರಳು ಎತ್ತಿದೆ. ಅಷ್ಟರಲ್ಲಿ ಒಂದು ಸಂದೇಶ ಕಣ್ಣಿಗೆ ಬಿತ್ತು: 'ಎಂಥ ಭಾಷೆ ಸಾರ್ ನಿಮ್ಮದು. ಓದಿ ಕಣ್ಣು ತುಂಬಿತು.' ಅದರ ಕೆಳಗೆ ಕೈಮುಗಿದ ಚಿತ್ರಗಳು ಎಪ್ಪತ್ತು. ಇಪ್ಪತ್ತೆರಡು ವರ್ಷ ಬೇರೆಯವರ ಬರಹ ತಿದ್ದಿದವನಿಗೆ ಯಾರೂ ಒಂದು ದಿನ ಹಾಗೆ ಹೇಳಿರಲಿಲ್ಲ. ಸಂಜೆ ತಿದ್ದಿದರಾಯಿತು ಎಂದುಕೊಂಡೆ.

ಸಂಜೆಯ ಹೊತ್ತಿಗೆ ಅದು ಹನ್ನೊಂದು ಶಾಲೆಗಳ ಗುಂಪುಗಳಿಗೆ ಹೋಗಿತ್ತು. ಮರುದಿನ ಟೀವಿಯಲ್ಲಿ ಬಂತು. ಆಗ ಹೆದರಿ, 'ಕ್ಷಮಿಸಿ, ಅದು ಸೂತ್ರವಲ್ಲ, ಮೂತ್ರ' ಎಂದು ಬರೆದೆ. ಆಮೇಲೆ ಒಬ್ಬರು ಬರೆದರು: 'ಪಾಪ. ಯಾರೋ ಹೆದರಿಸಿ ಹೀಗೆ ಬರೆಸಿದ್ದಾರೆ.' ಇನ್ನೊಬ್ಬರು: 'ಹೋರಾಟಗಾರರ ಬಾಯಲ್ಲಿ ಇಂಥ ಹೊಲಸು ಮಾತು ಹಾಕಿಸುವ ಮಟ್ಟಕ್ಕೆ ಇಳಿದರಲ್ಲ. ಸಾರ್, ಧೈರ್ಯವಾಗಿರಿ. ನಿಮ್ಮ ಹಿಂದೆ ನಾವಿದ್ದೇವೆ.'

ಮೂರನೆಯ ದಿನ ಹೆಂಡತಿ ಪಾಳಿ ಬದಲಾಯಿಸಿಕೊಂಡು ತಾನೇ ಶಾಲೆಗೆ ಹೋದಳು. ಹತ್ತು ನಿಮಿಷದಲ್ಲಿ ವಾಪಸು ಬಂದು ಚಪ್ಪಲಿಯನ್ನು ಬಾಗಿಲ ಬಳಿ ಬಿಡದೆ ಎಸೆದಳು.

"ಏನಾಯ್ತು?"

"ಗೇಟಿಗೆ ಬೋರ್ಡ್ ಹಾಕಿದಾರೆ. ಸೂತ್ರ ವಿವಾದ ಮುಗಿಯೋವರೆಗೂ ಪೋಷಕರಿಗೆ ಪ್ರವೇಶ ಇಲ್ಲ ಅಂತ. ಕಾವಲುಗಾರ ನನ್ನ ನೋಡಿ, ನೀವು ಸೂತ್ರದ ಕಡೆಯವರಾ, ಸೂತ್ರ ಬೇಡ ಅನ್ನೋ ಕಡೆಯವರಾ ಅಂತ ಕೇಳ್ದ. ನಾನು ಟಾಯ್ಲೆಟ್ಟಿನ ಕಡೆಯವಳು ಅಂದೆ. ಆ ಪಕ್ಷದ ಹೆಸರು ಕೇಳಿಲ್ಲ ಅಂದ."

"ನಾಳೆ ನಾನೇ..."

"ನೀವು ದಯವಿಟ್ಟು ಏನೂ ಮಾಡ್ಬೇಡಿ. ಇದ್ದಿದ್ದು ಟಾಯ್ಲೆಟ್ಟಿಗೊಂದು ಬೀಗ. ಈಗ ಗೇಟಿಗೂ ಒಂದು ಬೀಗ."

ರಾಜ್ಯದ ಚುನಾವಣೆಗೆ ಆಗ ನಾಲ್ಕು ವಾರ ಇತ್ತು. ಎರಡೂ ಪಕ್ಷಗಳು ಹೇಳಲು ಏನೂ ಇಲ್ಲದೆ ಕಂಗಾಲಾಗಿದ್ದವು. ರಸ್ತೆ ಎಂದರೆ ಜನ ಗುಂಡಿ ತೋರಿಸುತ್ತಿದ್ದರು, ಕೆಲಸ ಎಂದರೆ ಅರ್ಜಿ ತೋರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಹಸಿದವನ ತಟ್ಟೆಗೆ ಬಿದ್ದ ಹಾಗೆ ಬಿತ್ತು ನನ್ನ ಸೂತ್ರ. ಭಾನುವಾರ ಬೆಳಿಗ್ಗೆ ವಿರೋಧ ಪಕ್ಷದ ಮಾಜಿ ಮಂತ್ರಿಗಳು ನಮ್ಮ ಮನೆಗೇ ಬಂದರು. ಒಗೆದ ಬಟ್ಟೆ ರಾಶಿ ಹಾಕಿದ್ದ ಕುರ್ಚಿಯಲ್ಲಿ, ಬಟ್ಟೆಯ ಮೇಲೇ ಕೂತರು.

"ಮಾಸ್ಟ್ರೇ, ನಿಮ್ಮ ಸೂತ್ರ ಹೋರಾಟಕ್ಕೆ ನಮ್ಮ ಪೂರ್ಣ ಬೆಂಬಲ."

ನಾನು ಮಾಸ್ಟರಲ್ಲ ಎನ್ನುವುದಕ್ಕಿಂತ ದೊಡ್ಡ ತಿದ್ದುಪಡಿ ಬಾಕಿ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕೈಕಟ್ಟಿ ನಿಂತಿದ್ದಳು. ಧೈರ್ಯ ಮಾಡಿದೆ. "ಸಾರ್, ಅದು ಸೂತ್ರ ಅಲ್ಲ. ಮೂತ್ರ. ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಬೀಗ ಹಾಕಿದಾರೆ. ಅಷ್ಟೇ ವಿಷಯ."

ಮಾಜಿ ಮಂತ್ರಿಗಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ದಡ್ಡರಲ್ಲ ಅವರು. ಎಲ್ಲವೂ ಅರ್ಥವಾಯಿತು.

"ಅದು ಬೇಡ ಮಾಸ್ಟ್ರೇ," ಎಂದರು ಮೆಲ್ಲಗೆ. "ಆ ಟಾಯ್ಲೆಟ್ ಕಟ್ಟಿದ್ದು ನನ್ನ ಕಾಲದಲ್ಲಿ. ಕೇಳಿದ್ರೆ ಉತ್ತರ ಕೊಡಬೇಕಾಗುತ್ತೆ. ಸೂತ್ರ ಅಂದ್ರೆ ಹಂಗಲ್ಲ ನೋಡಿ. ಯಾರ ಕಾಲದಲ್ಲೂ ಯಾರೂ ಕಟ್ಟಿಲ್ಲ. ಏನಂತ ಯಾರಿಗೂ ಗೊತ್ತಿಲ್ಲ. ಎಷ್ಟು ಬೇಕಾದ್ರೂ ಕೂಗಬಹುದು."

ಹೋಗುವಾಗ ನನ್ನ ಬೆನ್ನು ತಟ್ಟಿದರು. ನಾಚಿಕೆಗೆಟ್ಟ ಬೆನ್ನು, ಅದಕ್ಕೆ ಹಿತವಾಯಿತು.

ಅವರು ಸೂತ್ರ ಬೇಕೆಂದ ಮೇಲೆ ಹಾಲಿ ಮಂತ್ರಿಗಳು ಬೇಡ ಎನ್ನಲೇಬೇಕಲ್ಲ. 'ಮಕ್ಕಳ ಬೆನ್ನಿನಿಂದ ಸೂತ್ರದ ಹೊರೆ ಇಳಿಸಿ' ಎಂದು ಅವರು ಸಭೆ ಮಾಡಿದರು. ಅಪ್ಪಂದಿರು ಎರಡು ಪಾಲಾದರು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಸೂತ್ರದ ಜಗಳ. ಸೂತ್ರ ಎಂದರೇನೆಂದು ಕೇಳಿದವನನ್ನು ಎರಡೂ ಕಡೆಯವರು ಸೇರಿ ಹೊಡೆಯುತ್ತಿದ್ದರು. ನಮ್ಮ ಮುದ್ರಣಾಲಯಕ್ಕಂತೂ ಸುಗ್ಗಿ. ಬೆಳಿಗ್ಗೆ ಸೂತ್ರ ಬೇಕು, ಮಧ್ಯಾಹ್ನ ಸೂತ್ರ ಬೇಡ, ಎರಡೂ ಒಂದೇ ಯಂತ್ರದಲ್ಲಿ, ಒಂದೇ ಶಾಯಿಯಲ್ಲಿ. ಎರಡರ ಕರಡನ್ನೂ ತಿದ್ದುತ್ತಿದ್ದವನು ನಾನು. ಮಾಲೀಕರು ನನ್ನನ್ನು ಸೂತ್ರಧಾರ ಎಂದು ಕರೆಯತೊಡಗಿದರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗಿಗೆ ಮಾತ್ರ ನಾನು ನಿಜ ಹೇಳಿದ್ದೆ. ಅವಳು ಯಾರಿಗೂ ಕೇಳದ ಹಾಗೆ ನನ್ನನ್ನು ಮೂತ್ರಧಾರ ಎನ್ನುತ್ತಿದ್ದಳು.

ಮತದಾನಕ್ಕೆ ಒಂಬತ್ತು ದಿನ ಇದ್ದಾಗ ಮಾಜಿ ಮಂತ್ರಿಗಳ ದೊಡ್ಡ ಸಭೆ. ನನ್ನನ್ನು ವೇದಿಕೆ ಹತ್ತಿಸಿದರು. ಹೂಗುಚ್ಛ ಕೊಟ್ಟರು. 'ಒಬ್ಬ ತಂದೆಯ ಕಣ್ಣೀರು ಇಡೀ ರಾಜ್ಯವನ್ನು ಎಬ್ಬಿಸಿದೆ' ಎಂದರು. ನಾನು ಅತ್ತಿರಲಿಲ್ಲ, ಆದರೆ ಆ ಮಾತು ಕೇಳಿ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಆಗ ಜೇಬಿನಲ್ಲಿ ಫೋನು ಅದುರಿತು. ಹೆಂಡತಿ.

"ಎಲ್ಲಿದೀರಿ?"

"ವೇದಿಕೆ ಮೇಲೆ."

"ಇಳಿದು ಆಸ್ಪತ್ರೆಗೆ ಬನ್ನಿ. ಗುಬ್ಬಿಗೆ ಜ್ವರ ನೂರಾಮೂರು."

ಹೂಗುಚ್ಛ ಹಿಡಿದುಕೊಂಡೇ ಓಡಿದೆ. ಮಕ್ಕಳ ವಾರ್ಡಿನ ಕೊನೆಯ ಮಂಚದಲ್ಲಿ ಮಗಳು ಮೊಣಕಾಲು ಮಡಿಸಿ ಮುದುಡಿ ಮಲಗಿದ್ದಳು. ತುಟಿ ಒಣಗಿತ್ತು. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದ್ದರು. ಹೆಂಡತಿ ಪ್ರಯೋಗಾಲಯದ ಚೀಟಿಯನ್ನು ನನ್ನ ಕೈಗಿಟ್ಟಳು.

"ಓದಿ. ಇದರಲ್ಲಿ ಏನಂತ ಬರೆದಿದೆ?"

"ಮೂತ್ರದ ಸೋಂಕು."

"ಸರಿಯಾಗಿ ನೋಡಿ. ಸೂತ್ರದ ಸೋಂಕು ಅಂತೇನಾದ್ರೂ ಇದೆಯಾ?"

ಮಗಳು ಕಣ್ಣು ಬಿಟ್ಟು ಹೂಗುಚ್ಛ ನೋಡಿ, "ನಂಗೆ ತಂದ್ಯಾಪ್ಪಾ?" ಎಂದಳು. ಹೂಂ ಎಂದೆ. ಆ ತಿಂಗಳಲ್ಲಿ ಹೇಳಿದ ಸುಳ್ಳುಗಳಲ್ಲಿ ಅತಿ ಭಾರವಾದದ್ದು ಅದೇ.

ನಾಲ್ಕು ದಿನಕ್ಕೆ ಜ್ವರ ಇಳಿದು ಮಗಳು ಮನೆಗೆ ಬಂದಳು. ಟಾಯ್ಲೆಟ್ಟಿನ ಬೀಗ ತೆಗೆಯುವವರೆಗೆ ಶಾಲೆಗೆ ಕಳಿಸುವುದಿಲ್ಲ ಎಂದು ಹೆಂಡತಿ ಮನೆಯಲ್ಲೇ ಉಳಿಸಿಕೊಂಡಳು. ನನ್ನ ಜೊತೆ ಅವಳ ಮಾತು ಉಪ್ಪು, ಪೇಪರು, ಬೀಗದಕೈ ಇಷ್ಟಕ್ಕೇ ಇಳಿದಿತ್ತು. ಮರುದಿನ ಕೆಲಸಕ್ಕೆ ಹೋದೆ. ಮಾಜಿ ಮಂತ್ರಿಗಳ ಪಕ್ಷ ಇಡೀ ರಾಜ್ಯಕ್ಕೆ ಹಂಚಲು ಕೊನೆಯ ಕರಪತ್ರ ಕೊಟ್ಟಿತ್ತು. ಎರಡು ಲಕ್ಷ ಪ್ರತಿ. ಕರಡು ಮೇಜಿನ ಮೇಲಿತ್ತು. ಕೆಂಪು ಪೆನ್ನು ತೆರೆದೆ. ಕಣ್ಣ ಮುಂದೆ ಕರಡಿಲ್ಲ, ಆಸ್ಪತ್ರೆಯ ಚೀಟಿ. ನನ್ನ ಕೈ ತನ್ನ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ತಪ್ಪು ಕಂಡಲ್ಲೆಲ್ಲ ತಿದ್ದುತ್ತಾ ಹೋಯಿತು. ಹನ್ನೊಂದು ಕಡೆ ತಿದ್ದಿತು. ಕೆಳಗೆ 'ತಿದ್ದಿ ಅಚ್ಚು ಹಾಕಬಹುದು' ಎಂದು ಸಹಿಯನ್ನೂ ಹಾಕಿತು.

ಮರುದಿನ ಬೆಳಿಗ್ಗೆ ಲಾರಿಗಳು ಹೊರಟುಹೋದ ಮೇಲೆ ಉಳಿದ ಒಂದು ಪ್ರತಿಯನ್ನು ಮಾಲೀಕರು ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"ತಡೆಯಿಲ್ಲದ ಮೂತ್ರ, ಭಯವಿಲ್ಲದ ಬಾಲ್ಯ. ನಮ್ಮ ಸರ್ಕಾರ ಬಂದರೆ ಪ್ರತಿ ಹೆಣ್ಣುಮಗುವಿಗೂ ಮೂತ್ರದ ಹಕ್ಕು. ಮೂತ್ರ ತಡೆಯುವ ಶಾಲೆಗಳ ಮೇಲೆ ಕಠಿಣ ಕ್ರಮ."

ಯಂತ್ರದ ಸದ್ದು ನಿಂತಿತು.

"ಯಾರು ತಿದ್ದಿದ್ದು ಇದನ್ನ?"

ಅಕ್ಷರ ಜೋಡಿಸುವ ಹುಡುಗಿ ಕರಡನ್ನು ತಂದು ಮುಂದಿಟ್ಟಳು. ಹನ್ನೊಂದು ಕೆಂಪು ಗುರುತು, ನನ್ನ ಸಹಿ.

"ನಿನಗಾದ್ರೂ ಅನುಮಾನ ಬರಬೇಡ್ವೇನಮ್ಮ?" ಎಂದೆ ಅಳುವ ದನಿಯಲ್ಲಿ.

"ಬಂತು ಸಾರ್. ಆದ್ರೆ ಇಪ್ಪತ್ತೆರಡು ವರ್ಷ ಅಂತ ದಿನಾ ಎರಡು ಸಲ ಹೇಳ್ತಿದ್ರಲ್ಲ, ಅದಕ್ಕೇ ಕೇಳ್ಲಿಲ್ಲ."

ಮಾಲೀಕರು ನನ್ನ ಪೆನ್ನು ಕಿತ್ತುಕೊಂಡರು. ಅಂದಿನಿಂದ ನನಗೆ ಕಟ್ಟು ಕಟ್ಟುವ ಕೆಲಸ. ಮಾಜಿ ಮಂತ್ರಿಗಳು ಫೋನಿನಲ್ಲಿ ಆಡಿದ ಮಾತುಗಳನ್ನು ಅಚ್ಚು ಹಾಕುವ ಮುದ್ರಣಾಲಯ ಇನ್ನೂ ಹುಟ್ಟಿಲ್ಲ. ಟೀವಿಯವರು ನಕ್ಕರು. ಹಾಲಿ ಮಂತ್ರಿಗಳ ಕಡೆಯವರು ಮೂಗು ಮುಚ್ಚಿಕೊಂಡು ಮೆರವಣಿಗೆ ಮಾಡಿದರು. ಗಂಡಸರೆಲ್ಲ ಪಕ್ಷ ಮುಳುಗಿತು ಎಂದು ಲೆಕ್ಕ ಹಾಕಿದರು.

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಂದು ಸಂಜೆ ಮನೆಗೆ ಹೋದರೆ ಹೆಂಡತಿ ಆ ಕರಪತ್ರವನ್ನು ಓದುತ್ತಿದ್ದಳು. ಎರಡು ಸಲ ಓದಿದಳು.

"ಇಷ್ಟು ವರ್ಷದಲ್ಲಿ ಮೊದಲ ಸಲ ರೀ," ಎಂದಳು. "ಒಬ್ಬ ರಾಜಕಾರಣಿ ಅರ್ಥ ಆಗೋ ಮಾತಾಡಿದಾನೆ."

"ಅದು ಅಚ್ಚಿನ ತಪ್ಪು ಕಣೇ. ನಂದೇ."

"ಯಾರದ್ದಾದ್ರೂ ಇರ್ಲಿ. ನಮ್ಮ ವಾರ್ಡಿನ ನರ್ಸುಗಳೆಲ್ಲ ಇದನ್ನೇ ಮಾತಾಡ್ತಿದಾರೆ. ಎಲ್ಲರ ಮನೇಲೂ ನೀರಿನ ಬಾಟಲಿ ತುಂಬಿಕೊಂಡೇ ವಾಪಸ್ ಬರ್ತಿದೆ. ಯಾರೂ ಬಾಯಿಬಿಟ್ಟು ಹೇಳಿರ್ಲಿಲ್ಲ ಅಷ್ಟೇ."

ಮತಗಟ್ಟೆ ಇದ್ದದ್ದು ಮಗಳ ಶಾಲೆಯಲ್ಲೇ. ಮತಗಟ್ಟೆಯ ಸಿಬ್ಬಂದಿಗಾಗಿ ಹಿಂದಿನ ದಿನವೇ ಒಂದು ಲಾರಿಯಲ್ಲಿ ತಾತ್ಕಾಲಿಕ ಶೌಚಾಲಯ ಬಂದು ಅಂಗಳದಲ್ಲಿ ಇಳಿಯಿತು. ಮತದಾನ ಮುಗಿದ ಸಂಜೆ ಮತಯಂತ್ರಗಳ ಹಿಂದೆಯೇ ಅದೂ ಲಾರಿ ಹತ್ತಿ ಹೋಯಿತು. ಹೆಂಗಸರ ಸಾಲು ಅಂದು ಗೇಟಿನಿಂದ ಆಚೆ, ಮೂಲೆಯ ಔಷಧಿ ಅಂಗಡಿಯವರೆಗೆ ಇತ್ತು. ಮೊಳಕೈ ತಾಗಿಸಿಕೊಂಡು ಬಿಸಿಲಲ್ಲಿ ನಿಂತಿದ್ದರು. ಎಷ್ಟೋ ಜನರ ಕೈಯಲ್ಲಿ ಮಡಿಸಿದ ಕರಪತ್ರ.

ಫಲಿತಾಂಶ ಬಂತು. ಹಾಲಿ ಮಾಜಿಯಾದರು, ಮಾಜಿ ಹಾಲಿಯಾದರು. ಟೀವಿಯಲ್ಲಿ ಪಂಡಿತರು ಇದು ಸೂತ್ರದ ಅಲೆ ಎಂದು ಬಣ್ಣದ ಪಟ್ಟಿಗಳನ್ನು ತೋರಿಸಿ ವಿವರಿಸಿದರು. ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದ ಮಧ್ಯಾಹ್ನವೇ ಪತ್ರಕರ್ತೆಯೊಬ್ಬಳು ಕರಪತ್ರ ಹಿಡಿದು, ಶೌಚಾಲಯದ ಭರವಸೆ ಯಾವಾಗ ಈಡೇರಿಸುತ್ತೀರಿ ಎಂದು ಕೇಳಿದಳು.

"ಅದು ಮುದ್ರಣ ದೋಷ," ಎಂದರು ಮಂತ್ರಿಗಳು ನಗುತ್ತಾ. "ನಮ್ಮ ಬದ್ಧತೆ ಸೂತ್ರಕ್ಕೆ. ಅದರ ಅಧ್ಯಯನಕ್ಕೆ ಒಂದು ಸಮಿತಿ ಮಾಡ್ತೀವಿ."

ಹೆಂಡತಿ ಟೀವಿ ಆರಿಸಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೋಷಕರ ಗುಂಪಿನಲ್ಲಿ ಬೆರಳಿನಿಂದಲೇ ಒತ್ತಿ ಏಳು ಪದ ಬರೆದಳು: 'ಸೋಮವಾರ ಒಂಬತ್ತು ಗಂಟೆಗೆ ಅಮ್ಮಂದಿರೆಲ್ಲ ಶಾಲೆಯ ಗೇಟಿಗೆ ಬನ್ನಿ.' ಕಳಿಸುವ ಮುಂಚೆ ಎರಡು ಸಲ ಓದಿದಳು.

ಸೋಮವಾರ ನಲವತ್ತು ಜನ ಬಂದರು. ನಾನೂ ಹಿಂದೆ ನಿಂತೆ. ಕಾವಲುಗಾರ ನಲವತ್ತು ಮುಖ ನೋಡಿ ಪಕ್ಷ ಕೇಳುವ ಧೈರ್ಯ ಮಾಡಲಿಲ್ಲ, ಗೇಟು ತೆಗೆದ. ಹೆಡ್‌ಮಿಸ್ ತಮ್ಮ ಕೋಣೆಯಲ್ಲಿ ಸೂತ್ರಗಳ ಕಡತಗಳ ನಡುವೆ ಕೂತಿದ್ದರು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ನಮ್ಮನ್ನು ಕಂಡು ಎದ್ದು ನಿಂತರು.

"ಸೂತ್ರದ್ದು ಪಟ್ಟಿ ಮಾಡ್ತಾ ಇದೀನಿ," ಎಂದರು. "ಇನ್ನೆರಡು ದಿನ ಕೊಡಿ."

"ಸೂತ್ರ ಬೇಡ ಮೇಡಂ," ಎಂದಳು ಹೆಂಡತಿ. "ಹುಡುಗೀರ ಟಾಯ್ಲೆಟ್ಟಿನ ಬೀಗ ತೆಗೀರಿ."

ಹೆಡ್‌ಮಿಸ್ ಕುರ್ಚಿಗೆ ಕುಸಿದರು. "ಅಷ್ಟೇನಾ? ಒಳಗಿನ ನಲ್ಲಿ ಕೆಟ್ಟು ನೀರು ನಿಲ್ತಾನೇ ಇರ್ಲಿಲ್ಲ, ನೆಲ ಎಲ್ಲ ಜಾರಿ ಒಂದು ಮಗು ಬಿತ್ತು. ಅದಕ್ಕೇ ಬೀಗ ಹಾಕ್ಸಿದೆ. ಇಲಾಖೆಗೆ ಬರೆದಿದ್ದೆ. ಚುನಾವಣೆ ಮುಗೀಲಿ ಅಂದ್ರು. ಅಷ್ಟರಲ್ಲಿ ಈ ಸೂತ್ರದ ಗಲಾಟೆ ಬಂದು, ನಲ್ಲಿ ವಿಷಯ ನಂಗೇ ಮರೆತುಹೋಯ್ತು."

"ನಲ್ಲಿನಾ?" ಎಂದು ಅಮ್ಮಂದಿರ ಗುಂಪಿನಿಂದ ಒಬ್ಬಾಕೆ ಮುಂದೆ ಬಂದಳು. "ನಮ್ಮನೆಯವರು ಅದೇ ಕೆಲಸ ಮಾಡೋದು. ಇರಿ, ಕರೀತೀನಿ."

ಕಾಲು ಗಂಟೆಯಲ್ಲಿ ಸೈಕಲ್ಲಿನಲ್ಲಿ ಒಬ್ಬ ಮನುಷ್ಯ ಚೀಲ ತೂಗುಹಾಕಿಕೊಂಡು ಬಂದ. ಗುಬ್ಬಿಯ ತರಗತಿಯಲ್ಲೇ ಓದುವ ಹುಡುಗಿಯ ಅಪ್ಪ. ನಾವು ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದವರು. ಬೀಗ ತೆಗೆಸಿ ಒಳಗೆ ಹೋದ. ಸ್ಪ್ಯಾನರಿನ ಸದ್ದು ಎರಡು ಸಲ ಕೇಳಿತು. ಅಂಗೈಯಲ್ಲಿ ಹರಿದ ರಬ್ಬರಿನ ಬಿಲ್ಲೆಯೊಂದನ್ನು ಹಿಡಿದು ಈಚೆ ಬಂದ.

"ವಾಷರ್ ಹೋಗಿತ್ತು. ಹೊಸದು ಹಾಕಿದೀನಿ. ಮುಗೀತು."

ಮಕ್ಕಳು ಅಷ್ಟು ಹೊತ್ತಿಗೇ ಸಾಲಾಗಿ ನಿಂತಿದ್ದರು. ನಾನು ಮುಂದೆ ಹೋಗಿ ಅವನ ಕೈ ಹಿಡಿದುಕೊಂಡೆ. "ಎಂಥ ಉಪಕಾರ ಮಾಡಿದ್ರಿ. ಮುಂಚೆಯೇ ಬಂದಿದ್ರೆ ಎಷ್ಟು ಚೆನ್ನಾಗಿತ್ತು."

ಅವನು ನನ್ನ ಮುಖ ನೋಡಿ ಗುರುತು ಹಿಡಿದ. ಗೌರವದಿಂದಲೇ ನಕ್ಕ.

"ಮುಂಚೆ ಎಲ್ಲಿ ಬರ್ಲಿ ಸಾರ್? ನಿಮ್ಮ ಮೆಸೇಜ್ ಓದಿ ಹೆದರಿ, ಕೆಲಸ ಬಿಟ್ಟು ಐದಾರು ವಾರದಿಂದ ಮಗಳಿಗೆ ಸೂತ್ರ ಬಾಯಿಪಾಠ ಮಾಡಿಸ್ತಾ ಕೂತಿದ್ದೆ. ಅವಳು ಮಧ್ಯೆ ಮಧ್ಯೆ, ಅಪ್ಪಾ, ಶಾಲೇಲಿ ನಲ್ಲಿ ಕೆಟ್ಟಿದೆ ಅಂತಿದ್ಲು. ಪಾಠ ತಪ್ಪಿಸ್ಕೊಳ್ಳೋಕೆ ನೆಪ ಹೇಳ್ತಾಳೆ ಅಂತ ನಾಲ್ಕು ಬಾರಿಸಿದೆ." ಚೀಲವನ್ನು ಹೆಗಲಿಗೇರಿಸಿ, ನನ್ನ ಹೆಂಡತಿಯ ಕಡೆ ಕೈ ತೋರಿಸಿ, ದನಿ ತಗ್ಗಿಸಿ ಹೇಳಿದ: "ಮುಂದೆ ಏನಾದ್ರೂ ಬರೆಯೋದಿದ್ರೆ ಸಾರ್, ಅಕ್ಕನ ಕೈಲಿ ತಿದ್ದಿಸಿ."